ಹುರುಳಿಯ ನಾಡಿನಲ್ಲಿ ಅಶ್ವ

ಮುಂಗಾರು ಕೈಕೊಟ್ಟು ರಾಗಿಯ ಬಿತ್ತನೆಗೆ ಹೊತ್ತು ಮೀರಿದ ವರ್ಷಗಳಲ್ಲಿ ಆನೇಕಲ್ಲು ಸೀಮೆಯ ಒಕ್ಕಲಿಗನು ಹೊಲವನ್ನು ಬೀಳುಬಿಡಲು ಮನಸ್ಸಾಗದೆ ಕೊನೆಯ ಹದಮಳೆಗೆ ಚೆಲ್ಲಿ ಬರುತ್ತಿದ್ದ ಕಾಳು ಹುರುಳಿ. ನಮಗೆ ಬಸ್ಸಾರಾಗುವ ಈ ಕಾಳನ್ನು ಇಂಗ್ಲಿಷರು ಮೊದಲು ಕಂಡದ್ದು ಅಡುಗೆಮನೆಯಲ್ಲಲ್ಲ, ಲಾಯದ ತೊಟ್ಟಿಯಲ್ಲಿ ಎಂಬುದನ್ನು, ಅವರು ಅದಕ್ಕೆ ಕುದುರೆಯ ಕಾಳೆಂದು ಇಟ್ಟ ಹೆಸರೇ ಸಾರುತ್ತದೆ. ಹೆಬ್ಬಗೋಡಿಯ ಹೊಲಗಳಲ್ಲಿ ಈಗ ಬಯೋಕಾನ್ ಮೊದಲಾದ ಕಾರ್ಖಾನೆಗಳು ಎದ್ದಿವೆ; 2025ರ ಆಗಸ್ಟ್ ತಿಂಗಳಿಂದ ಮೆಟ್ರೋದ ಹಳದಿ ಮಾರ್ಗವು ಹೊಸೂರು ರಸ್ತೆಯ ನೆತ್ತಿಯ ಮೇಲೆ ಓಡುತ್ತಿದೆ. ಆದರೂ ಈ ರಸ್ತೆಯನ್ನು ಹಿಡಿದು ದಕ್ಷಿಣಕ್ಕೆ ಹೋದರೆ ಮತ್ತಿಗಿರಿ, ಉತ್ತರಕ್ಕೆ ಹೋದರೆ ಬೆಂಗಳೂರಿನ ರೇಸ್‌ಕೋರ್ಸು. ಎರಡು ಕಡೆಗಳಲ್ಲೂ ಕುದುರೆಯ ಕಥೆಯುಂಟು, ಎರಡರ ನಡುವೆ ಇದ್ದದ್ದು ಈ ಹುರುಳಿಯ ಹೊಲ.

ಮೇವನ್ನು ಬೆಳೆದ ನಾಡು ಅದನ್ನು ಮೇಯುವ ಪ್ರಾಣಿಯನ್ನು ಬೆಳೆಯಲಾರದೆ ಹೋದುದು ಕನ್ನಡನಾಡಿನ ಅಶ್ವಚರಿತ್ರೆಯ ಮುಖ್ಯ ಸಂಗತಿಯೆಂದು ನಾನು ಎಣಿಸುತ್ತೇನೆ. ಕುದುರೆಯು ಶುಷ್ಕವೂ ಶೀತಲವೂ ಆದ ವಿಸ್ತಾರ ತೃಣಭೂಮಿಯ ಜೀವಿ. ಸೆಕೆಯೂ ತೇವವೂ ಕೂಡಿದ ದಕ್ಷಿಣದ ಹವೆ ಅದಕ್ಕೆ ಒಗ್ಗುವುದು ಪ್ರಯಾಸದಿಂದ. ಆದುದರಿಂದ ನಮ್ಮ ಅರಸರು ಕುದುರೆಯನ್ನು ಕೊಂಡರು, ಶತಮಾನಗಳ ಕಾಲ ಕೊಳ್ಳುತ್ತಲೇ ಇದ್ದರು. ಹೊಯ್ಸಳರ ಕಾಲದಲ್ಲಿ ಕುದುರೆ ಸೆಟ್ಟಿಗಳೆಂಬ ವರ್ತಕರೇ ಇದ್ದರು. ವಿಜಯನಗರಕ್ಕೆ ಹುರ್ಮುಜಿನಿಂದ ಹಡಗೇರಿ ಬಂದ ಅರಬೀ ಕುದುರೆಗಳು ಭಟ್ಕಳವೇ ಮೊದಲಾದ ರೇವುಗಳಲ್ಲಿ ಇಳಿದು ಘಟ್ಟವನ್ನೇರುತ್ತಿದ್ದವು. ಹಂಪೆಯ ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಕುದುರೆಗಳನ್ನು ಹಿಡಿದು ಸಾಲುಗೊಂಡ ಪರದೇಶದ ವರ್ತಕರನ್ನು ಇಂದಿಗೂ ಕಾಣಬಹುದು. ಹುರ್ಮುಜಿನವೂ ನಾಡತಳಿಯವೂ ಸೇರಿ ರಾಯನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿಟ್ಟಿದ್ದಾನೆ. ಸಾಳುವ ನರಸಿಂಹನ ವಿಷಯದಲ್ಲಿ ಅವನು ಹೇಳುವ ಮಾತು ಇನ್ನೂ ವಿಚಿತ್ರವಾದದ್ದು: ಸಮುದ್ರದ ನಡುವೆ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಆ ದೊರೆ ಜೀವಂತ ಕುದುರೆಗೆ ಕೊಡತಕ್ಕ ಬೆಲೆಯನ್ನೇ ಕೊಡುತ್ತಿದ್ದನಂತೆ. ವರ್ತಕನು ಮುಂದಿನ ವರ್ಷವೂ ಬರಬೇಕಲ್ಲವೆ!

ಬಾಲದ ಮಾತು ಬಂದಿತಾಗಿ ಬಣ್ಣದ ಮಾತನ್ನೂ ಆಡಿಬಿಡಬೇಕು. ಉಚ್ಚೈಃಶ್ರವಸ್ಸಿನ ಬಾಲವು ಬಿಳಿದೋ ಕರಿದೋ ಎಂದು ಕದ್ರುವಿನೊಡನೆ ಪಣವೊಡ್ಡಿ, ಸರ್ಪಗಳ ಕಪಟದಿಂದ ಸೋತು, ವಿನತೆಯು ದಾಸಿಯಾದಳೆಂಬ ಮಹಾಭಾರತದ ಕಥೆಯನ್ನು ಬಲ್ಲವರಿಗೆ, ಕುದುರೆಯ ಮೈಬಣ್ಣವೂ ಕುದುರೆಯ ಮೇಲಣ ಜೂಜೂ ಎಷ್ಟು ಹಳೆಯ ಜೋಡಿಯೆಂದು ವಿವರಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಹೇಮಚಂದ್ರನು ತನ್ನ ನಿಘಂಟಿನಲ್ಲಿ ಕೊಡುವ ಅಶ್ವವರ್ಣಗಳ ಪಟ್ಟಿಯಲ್ಲಿ ಕರ್ಕ, ಶೋಣ ಎಂಬ ಶುದ್ಧ ಸಂಸ್ಕೃತ ಶಬ್ದಗಳ ಪಕ್ಕದಲ್ಲಿ ಸೇರಾಹ, ಕಿಯಾಹ, ಉಕನಾಹ, ಕುಲಾಹ ಎಂಬ, ಕಿವಿಗೆ ಪರಕೀಯವಾಗಿ ಕೇಳುವ ಹೆಸರುಗಳು ಬರುತ್ತವೆ. ಕುದುರೆಯೊಡನೆ ಅದರ ಬಣ್ಣದ ಹೆಸರೂ ಸಾರ್ಥವಾಹರ ಬಾಯಿಂದ ಇಳಿದಿರಬೇಕೆಂದು ನನ್ನ ಊಹೆ. ಆಮೇಲೆ ಬಂದ ಕುಮೈತ್, ಮುಷ್ಕಿ, ಸಬ್ಜಾ, ಅಬಲಕ್, ನುಕ್ರಾ ಎಂಬ ಮಾತುಗಳೂ ಹಾಗೆಯೇ ಹೊರಗಿನವು. ನಾಲ್ಕು ಕಾಲುಗಳೂ ಮುಖವೂ ಬೆಳ್ಳಗಿರುವ ಪಂಚಕಲ್ಯಾಣಿಯು ಮಾತ್ರ ನಮ್ಮ ಹಳ್ಳಿಯ ಬಾಯಲ್ಲಿ ಇನ್ನೂ ಉಳಿದಿದ್ದಾಳೆ.

ಆಧುನಿಕ ತಳಿವಿಜ್ಞಾನವು ಈ ವರ್ಣವೈವಿಧ್ಯವನ್ನು ಮೂರು ಮೂಲಗಳಿಗೆ ಇಳಿಸುತ್ತದೆ: ಕರಿದು, ಕರಿಯ ಕೇಸರ ಕಾಲುಗಳುಳ್ಳ ಕಂದು, ಮತ್ತು ಕೇಸರವೂ ಕೆಂಪಾದ ಚೆಸ್ಟ್‌ನಟ್. ಉಳಿದುವೆಲ್ಲ ಇವುಗಳ ಮೇಲೆ ಬೇರೆ ಬೇರೆ ವಂಶವಾಹಿಗಳು ಹಚ್ಚುವ ಲೇಪ, ಇಲ್ಲವೆ ಬೆರೆಸುವ ನೀರು. ತಾಯಿತಂದೆಗಳಿಬ್ಬರೂ ಚೆಸ್ಟ್‌ನಟ್ಟಾದರೆ ಮರಿಯೂ ಚೆಸ್ಟ್‌ನಟ್ಟೇ ಆಗತಕ್ಕದ್ದು. ಬೂದು ಮರಿಗೆ ಹೆತ್ತವರಲ್ಲಿ ಒಬ್ಬರಾದರೂ ಬೂದಾಗಿರಲೇಬೇಕು. ಈ ಬೂದು ಕುದುರೆಯು ಹುಟ್ಟುವಾಗ ಕಪ್ಪೋ ಕೆಂಪೋ ಆಗಿದ್ದು, ವಯಸ್ಸಾದಂತೆ ನಮ್ಮ ನಿಮ್ಮ ತಲೆಯ ಹಾಗೆ ನರೆತು, ಕಡೆಗೆ ಹಾಲಿನಂತಾಗುತ್ತದೆ. ಕೂದಲ ಕೆಳಗಣ ಚರ್ಮ ಮಾತ್ರ ಕರಿದಾಗಿಯೇ ಉಳಿಯುತ್ತದೆ. ಹುಟ್ಟುಬಿಳಿಯ ನುಕ್ರಾದ ಚರ್ಮವೋ ನಸುಗೆಂಪು. ಎರಡನ್ನೂ ಬಿಳಿಯ ಕುದುರೆಯೆಂದು ಒಂದೇ ಬೆಲೆಗೆ ಕೊಂಡವನು ಮೂತಿಯನ್ನು ನೋಡದೆ ಕೊಂಡವನು.

ತಳಿಗಳ ವಿಷಯದಲ್ಲಿ ಕಾಠಿಯಾವಾಡಿ, ಮಾರ್ವಾಡಿಗಳನ್ನು ಒಳಕ್ಕೆ ಬಾಗಿದ ಕಿವಿಯಿಂದಲೇ ಗುರುತಿಸಬಹುದು. ಮಣಿಪುರಿ, ಜಾನ್ಸ್‌ಕಾರಿ, ಸ್ಪೀತಿ, ಭುಟಿಯಾಗಳು ಬೆಟ್ಟದ ಗಿಡ್ಡ ಜಾತಿಗಳು. ನಮಗೆ ಹತ್ತಿರದ ಬಂಧು ಭೀಮಥಡಿ. ಭೀಮೆಯ ತಡಿಯದು ಎಂಬ ಅರ್ಥವು ಕನ್ನಡಿಗನಿಗೆ ಯಾರೂ ಹೇಳಿಕೊಡದೆಯೇ ಹೊಳೆಯುತ್ತದೆ. ಮರಾಠರ ದಂಡನ್ನು ಹೊತ್ತು ಮೆರೆದ ಈ ದಖನಿ ಕುದುರೆ ಇಂದು ಅಲೆಮಾರಿ ಕುರುಬರ ಕಂಬಳಿ, ಮಡಕೆ, ಕೋಳಿ, ಎಳೆಗೂಸುಗಳನ್ನು ಹೊತ್ತು ನಡೆಯುತ್ತಿದೆ.

ಕುಂಪಣಿಗೂ ಕೊಳ್ಳುವ ತೊಂದರೆ ತಪ್ಪಲಿಲ್ಲ. 1824ರಲ್ಲಿ ಅದು ಹೊಸೂರಿನ ಬಳಿಯ ಮತ್ತಿಗಿರಿಯಲ್ಲಿ ದಂಡಿನ ಕುದುರೆಗಳಿಗಾಗಿ ಒಂದು ವಿಸ್ತಾರವಾದ ಕ್ಷೇತ್ರವನ್ನು ಸ್ಥಾಪಿಸಿತು; 1,600 ಎಕರೆಗೂ ಮಿಕ್ಕ ಆ ಭೂಮಿ ಈಗ ತಮಿಳುನಾಡು ಸರ್ಕಾರದ ಜಾನುವಾರು ಕ್ಷೇತ್ರ. ಆದರೂ ಬ್ರಿಟಿಷ್ ಸೈನ್ಯವು ಬಹುಕಾಲ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸಿನಿಂದ ಹಡಗಿನಲ್ಲಿ ಬಂದ ವೇಲರ್ ಕುದುರೆಗಳನ್ನೇ ನೆಚ್ಚಿತು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ದಳದವರು ಜೋಧಪುರದವರೊಡನೆ ಹೈಫಾ ಪಟ್ಟಣವನ್ನು ಭಲ್ಲೆ ಹಿಡಿದು ಗೆದ್ದರು. ಅದರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. 1953ರಲ್ಲಿ ಸಂಸ್ಥಾನಗಳ ಅಶ್ವದಳಗಳು ಕೂಡಿ 61ನೆಯ ಕ್ಯಾವಲ್ರಿಯಾದಾಗ ಮೈಸೂರಿನದೂ ಅದರಲ್ಲಿ ಲೀನವಾಯಿತು.

ಇಷ್ಟೆಲ್ಲ ಕೊಳ್ಳುವಿಕೆಯ ನಡುವೆ, ಇಲ್ಲಿಯೇ ಬೆಳೆಸಿಯೇವೆಂಬ ಹಟದ ಸಾಕ್ಷಿಯಾಗಿ ನಿಂತದ್ದು ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದ ಕುಣಿಗಲ್ಲು. ಟಿಪ್ಪುವಿನ ಕಾಲದಿಂದ ನಡೆದುಬಂದ, 400 ಎಕರೆಗೆ ಮಿಕ್ಕ ಆ ಅಶ್ವಕ್ಷೇತ್ರವನ್ನು 1992ರಲ್ಲಿ ಯು.ಬಿ. ಸಮೂಹಕ್ಕೆ 30 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. ಅಲ್ಲಿ ಬೆಳೆದುದು ಥರೋಬ್ರೆಡ್ ಎಂಬ ಓಟದ ಜಾತಿ. ಪ್ರಪಂಚದಲ್ಲಿ ಎಲ್ಲಿಯ ಥರೋಬ್ರೆಡ್ಡೇ ಆಗಲಿ, ಅದರ ಪಿತೃವಂಶವು ಇಂಗ್ಲೆಂಡಿಗೆ ಪೂರ್ವದೇಶಗಳಿಂದ ಹೋದ ಮೂರು ಗಂಡುಕುದುರೆಗಳಲ್ಲಿ ಒಂದನ್ನು ಮುಟ್ಟುತ್ತದೆ: ಬಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. 1791ರಲ್ಲಿ ಆರಂಭವಾದ ವಂಶಾವಳಿಯ ಗ್ರಂಥದ ಕಟ್ಟಳೆಯು ಮಠದ ಮಡಿಗಿಂತ ಬಿಗಿಯಾದದ್ದು. ಕೃತಕ ಗರ್ಭಧಾರಣೆ ನಿಷಿದ್ಧ. ಹೆಣ್ಣನ್ನು ಗಂಡಿನ ಬಳಿಗೇ ಒಯ್ಯಬೇಕು, ಹನ್ನೊಂದು ತಿಂಗಳು ಕಾಯಬೇಕು. ಯಾವ ತಿಂಗಳಲ್ಲಿ ಹುಟ್ಟಿದರೂ ನಮ್ಮಲ್ಲಿ ಮರಿಯ ವಯಸ್ಸನ್ನು ಜನವರಿ 1ರಿಂದಲೇ ಎಣಿಸತಕ್ಕದ್ದಾದುದರಿಂದ ಡಿಸೆಂಬರಿನ ಕೊನೆಗೆ ಹುಟ್ಟುವ ಮರಿಯಷ್ಟು ನಿರ್ಭಾಗ್ಯ ಬೇರೊಂದಿಲ್ಲ, ಕೆಲವೇ ದಿನಗಳಲ್ಲಿ ಅದಕ್ಕೆ ಒಂದು ವರ್ಷ ತುಂಬಿಬಿಡುತ್ತದೆ!

ಮೈಸೂರು ರೇಸ್ ಕ್ಲಬ್ಬು 1891ರದು, ಬೆಂಗಳೂರು ಟರ್ಫ್ ಕ್ಲಬ್ಬು 1921ರದು. ಪೇಟೆಯ ನಡುವಣ ಆ ಹಸುರಂಗಳವನ್ನು ಎತ್ತಂಗಡಿ ಮಾಡಬೇಕೆಂಬ ಚರ್ಚೆ ಹಳೆಯದು. ಓಟವು ಕೌಶಲದ ಆಟವೇ ಹೊರತು ಬರಿಯ ಅದೃಷ್ಟದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಹೇಳಿತು, ಆದರೆ 2025ರ ಸೆಪ್ಟೆಂಬರಿನಿಂದ ಪಣದ ಮೇಲೆ ಜಿ.ಎಸ್.ಟಿ. ಶೇಕಡಾ 40 ಆಗಿದೆ. ಜೂಜಿನ ಪರವಾಗಿ ವಾದಿಸುವ ಉತ್ಸಾಹ ನನಗಿಲ್ಲ. ಆದರೆ ಪಣ ಕಟ್ಟುವವನ ಹಿಂದೆ ನಸುಕಿನಲ್ಲೇ ಎದ್ದು ಮೈಯುಜ್ಜುವ ಸಯೀಸನೂ, ಗೊರಸಿನ ಅಳತೆಗೆ ಲಾಳ ತಟ್ಟುವವನೂ, ಹುಲ್ಲು ಕೊಯ್ದು ತರುವ ಹೆಂಗಸೂ ಇದ್ದಾರೆ. ಅವರ ವಿದ್ಯೆಯು ಪುಸ್ತಕದಲ್ಲಿಲ್ಲ, ಅಂಗೈಯಲ್ಲಿದೆ.

ಕಳೆದ ಮಾಘದ ಒಂದು ಸಂಜೆ ಹೆಬ್ಬಗೋಡಿಯಲ್ಲಿ ಮೆಟ್ರೋ ಕಂಬಗಳ ಕೆಳಗೆ ಒಂದು ಮದುವೆಯ ಮೆರವಣಿಗೆ ಸಿಕ್ಕಿಕೊಂಡಿತ್ತು. ಜರತಾರಿಯ ಗವುಸು ಹೊದ್ದ ಬಿಳಿಯ ಕುದುರೆಯ ಮೂತಿಯನ್ನು ಬಗ್ಗಿ ನೋಡಿದೆ, ನಸುಗೆಂಪಾಗಿತ್ತು. ನುಕ್ರಾನೋ ಎಂದುದಕ್ಕೆ ಸಯೀಸನು ಹುಬ್ಬೇರಿಸಿ ನಕ್ಕು, ಬಾರಿಸುವವರು ಉಸಿರು ತೆಗೆದುಕೊಳ್ಳುತ್ತಿದ್ದ ಆ ಬಿಡುವಿನಲ್ಲಿ ಬಕೆಟ್ಟೊಂದನ್ನು ಅದರ ಮುಂದಿಟ್ಟನು. ಬೂಸದೊಳಗೆ ನೆನೆದ ಹುರುಳಿ. ಕುದುರೆ ಮಹಾರಾಷ್ಟ್ರದ ಸಾರಂಗಖೇಡದ ಜಾತ್ರೆಯಲ್ಲಿ ಕೊಂಡದ್ದಂತೆ. ಹುರುಳಿ ಇಲ್ಲಿಯದೇ, ಆನೇಕಲ್ಲಿನ ಸಂತೆಯದು.