ಬೇಸ್‌ಮೆಂಟಿನ ಜೆನ್, ಜಪಾನಿನ ಎಂಜಿನ್: ಹಳೆ ಕಾರಿನ ಹವ್ಯಾಸದ ಸುತ್ತ ಹಬ್ಬಿದ ತಪ್ಪು ಕಲ್ಪನೆಗಳು

ಬೆಂಗಳೂರಿನ ಹೋಪ್ ಫಾರ್ಮ್‌ನಿಂದ ವರ್ತೂರು ಕೋಡಿಯವರೆಗೆ ಯಾವುದಾದರೂ ದೊಡ್ಡ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದು ನೋಡಿ. ಸಾಲು ಸಾಲು ಎಸ್‌ಯುವಿಗಳ ನಡುವೆ ಬಟ್ಟೆ ಹೊದಿಸಿದ ಪುಟ್ಟ ಕಾರೊಂದು ಕಾಣಿಸಿದರೂ ಕಾಣಿಸಬಹುದು. ಅಪ್ಪನ ಮಾರುತಿ ಜೆನ್ ಇರಬಹುದು, ಮಾವ ಓಡಿಸುತ್ತಿದ್ದ ಎಸ್ಟೀಮ್ ಇರಬಹುದು, ಮೊದಲ ಸಂಬಳದ ದಿನಗಳಲ್ಲಿ ಆಸೆಪಟ್ಟು ಈಗ ಕೊಂಡುಕೊಂಡ ಹೋಂಡಾ ಸಿಟಿ ಇರಬಹುದು. 2023ರಲ್ಲಿ ನೇರಳೆ ಮಾರ್ಗದ ಮೆಟ್ರೊ ಕಾಡುಗೋಡಿಯವರೆಗೆ ಬಂತು. ಅಲ್ಲಿಂದೀಚೆಗೆ ವಾರವಿಡೀ ರೈಲಿನಲ್ಲಿ ಓಡಾಡಿ, ಭಾನುವಾರ ಮಾತ್ರ ಇಂಥ ಕಾರಿನ ಕೀಲಿ ತಿರುಗಿಸುವುದು ಸುಲಭವಾಗಿದೆ. ಆದರೆ ಈ ಹವ್ಯಾಸಕ್ಕೆ ಕೈಹಾಕುವವರ ಕಿವಿಗೆ ಮೊದಲು ಬೀಳುವುದು ಅರ್ಧಂಬರ್ಧ ಮಾತುಗಳು. ಅವನ್ನು ನಂಬಿ ದುಡ್ಡು ಕಳೆದುಕೊಳ್ಳುವುದಷ್ಟೇ ಅಲ್ಲ, ಒಳ್ಳೆಯ ಕಾರುಗಳೂ ಹಾಳಾಗುತ್ತಿವೆ.

"ನಮ್ಮಲ್ಲಿ ಜಪಾನಿನ ಸ್ಪೋರ್ಟ್ಸ್ ಕಾರೇ ಇಲ್ಲ, ಇನ್ನೆಲ್ಲಿಯ ಹವ್ಯಾಸ?"

ಸ್ಕೈಲೈನ್, ಸುಪ್ರಾ, ಆರ್‌ಎಕ್ಸ್-7 ನಮ್ಮ ಷೋರೂಮುಗಳಿಗೆ ಬರಲಿಲ್ಲ ಎಂಬುದು ನಿಜ. ಆದರೆ ಅವುಗಳ ಬಳಗದ ಎಂಜಿನ್‌ಗಳು ನಮ್ಮ ರಸ್ತೆಯಲ್ಲಿ ನಾಲ್ಕು ದಶಕಗಳಿಂದ ಓಡುತ್ತಿವೆ. 1985ರಲ್ಲಿ ಬಂದ ಪ್ರೀಮಿಯರ್ 118ಎನ್‌ಇಯನ್ನೇ ತೆಗೆದುಕೊಳ್ಳಿ. ಹೊರಗಿನಿಂದ ಇಟಲಿಯ ಫಿಯಟ್, ಬಾನೆಟ್ ಎತ್ತಿದರೆ ನಿಸ್ಸಾನ್‌ನ ಎ12 ಎಂಜಿನ್. 1970ರ ದಶಕದಲ್ಲಿ ಜಪಾನಿನ ರೇಸ್ ಟ್ರ್ಯಾಕುಗಳಲ್ಲಿ ಹೆಸರು ಮಾಡಿದ ಡಾಟ್ಸನ್ ಸನ್ನಿ 1200ರಲ್ಲಿದ್ದದ್ದೂ ಇದೇ ಎ12. ಕಾಂಟೆಸ್ಸಾ ಕ್ಲಾಸಿಕ್‌ನ 1.8 ಲೀಟರ್ ಎಂಜಿನ್ ಇಸುಜುವಿನದು. ಎಸ್ಟೀಮ್ ಅಂದರೆ ಸುಜುಕಿ ಕಲ್ಟಸ್. ಹೊರದೇಶಗಳಲ್ಲಿ ಸ್ವಿಫ್ಟ್ ಜಿಟಿಐ ಎಂದು ಮಾರಾಟವಾದ ಪುಟ್ಟ ಬಿರುಸಿನ ಕಾರಿನ ಎಂಜಿನ್ ಮತ್ತು ನಮ್ಮ ಎಸ್ಟೀಮಿನ 1.3 ಲೀಟರ್ ಎಂಜಿನ್ ಎರಡೂ ಸುಜುಕಿಯ ಜಿ ಸರಣಿಯವೇ. 1993ರ ಜೆನ್‌ನ 993 ಸಿಸಿ ಎಂಜಿನ್ ಅದೇ ಮನೆತನದ ಕಿರಿಯ, ಪೂರ್ತಿ ಅಲ್ಯೂಮಿನಿಯಂನದು.

2000ದಲ್ಲಿ ಬಂದ ಹೋಂಡಾ ಸಿಟಿ ವಿಟೆಕ್ ಬಗ್ಗೆ ಎರಡು ಮಾತು ಹೆಚ್ಚು ಹೇಳಲೇಬೇಕು. ಎಂಜಿನ್ ನಿಧಾನಕ್ಕೆ ತಿರುಗುವಾಗ ವಾಲ್ವ್‌ಗಳು ಕಡಿಮೆ ತೆರೆಯುತ್ತವೆ, ವೇಗ ಏರಿದಾಗ ಕ್ಯಾಮ್‌ನ ಬೇರೊಂದು ಉಬ್ಬು ಕೆಲಸಕ್ಕೆ ನಿಂತು ಅವು ಹೆಚ್ಚು ಹೊತ್ತು, ಹೆಚ್ಚು ಆಳಕ್ಕೆ ತೆರೆಯುತ್ತವೆ. ಹೋಂಡಾ ಈ ವಿದ್ಯೆಯನ್ನು 1989ರಲ್ಲಿ ಇಂಟೆಗ್ರಾ ಕಾರಿನಲ್ಲಿ ಮೊದಲು ತೋರಿಸಿತು. ನಮ್ಮ ಸಿಟಿ ಅದರ ಸರಳ ರೂಪವನ್ನು 1.5 ಲೀಟರ್‌ನಲ್ಲಿ, 106 ಅಶ್ವಶಕ್ತಿಯೊಂದಿಗೆ ತಂದಿತು. ಸಾಮಾನ್ಯ ಸಂಸಾರಸ್ಥರ ಕಾರಿನಲ್ಲಿ ಅಂಥದ್ದು ಆಗ ಕಂಡಿರಲಿಲ್ಲ. ಜಪಾನಿನವರೇ ಪೂಜಿಸುವ ಟೊಯೊಟಾ ಎಇ86ರ ತೂಕ ಒಂದು ಟನ್‌ಗಿಂತ ಕಡಿಮೆ, ಶಕ್ತಿ 130ರ ಆಸುಪಾಸು. ಆ ಕಾರಿನ ಸೊಗಸು ಹಗುರತನದಲ್ಲಿ ಇತ್ತು. ಆ ಗುಣ ಜೆನ್‌ನಲ್ಲೂ ಇದೆ, ಸಿಟಿಯಲ್ಲೂ ಇದೆ. ಇಲ್ಲಿಯ ಹವ್ಯಾಸಿ ಮೊದಲು ಬೆಲೆ ಕೊಡಬೇಕಾದದ್ದು ಈ ಕಾರುಗಳಿಗೆ.

"25 ವರ್ಷ ತುಂಬಿದರೆ ಜಪಾನಿನಿಂದ ತರಿಸಬಹುದಂತೆ"

ಇದು ಅಮೆರಿಕದ ಕಾನೂನು. ಅಲ್ಲಿ 25 ವರ್ಷ ದಾಟಿದ ಕಾರಿಗೆ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಉಂಟು. ಯೂಟ್ಯೂಬ್ ನೋಡಿ ನಮ್ಮ ಹುಡುಗರು ಅದು ಇಲ್ಲಿಗೂ ಅನ್ವಯಿಸುತ್ತದೆ ಎಂದುಕೊಳ್ಳುತ್ತಾರೆ. ಭಾರತದ ಸಾಮಾನ್ಯ ನಿಯಮ ಇದಕ್ಕೆ ತದ್ವಿರುದ್ಧ: ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಿರಕೂಡದು, ಜೊತೆಗೆ ಸುಂಕದ ಹೊರೆ. 1999ರ ಸ್ಕೈಲೈನ್ ಈ ದಾರಿಯಲ್ಲಿ ಬರುವಂತಿಲ್ಲ. "ಕಾಗದಪತ್ರ ಎಲ್ಲಾ ಕ್ಲಿಯರ್ ಸಾರ್" ಎಂದು ಯಾರಾದರೂ ಅಂಥ ಕಾರು ತೋರಿಸಿದರೆ ಮೊದಲು ಕೇಳಬೇಕಾದದ್ದು ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ. 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಇಲಾಖೆ ಭೂತಾನ್ ಮೂಲಕ ಒಳನುಸುಳಿದವೆಂದು ಹೇಳಿ ಹಲವು ವಾಹನಗಳನ್ನು ವಶಪಡಿಸಿಕೊಂಡಿತು. ದುಡ್ಡು ಕೊಟ್ಟವರ ಕೈಯಲ್ಲಿ ಆಗ ಕಾರೂ ಉಳಿಯುವುದಿಲ್ಲ.

"15 ವರ್ಷ ಆಯ್ತಲ್ಲ, ಗುಜರಿಗೆ ಹಾಕಲೇಬೇಕು"

ಹತ್ತು ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ವಾಹನಗಳ ನಿರ್ಬಂಧ ದೆಹಲಿ ರಾಜಧಾನಿ ಪ್ರದೇಶದ್ದು. ಕರ್ನಾಟಕದಲ್ಲಿ ಖಾಸಗಿ ಕಾರಿಗೆ ಅಂಥ ಗಡುವಿಲ್ಲ. 15 ವರ್ಷವಾದಾಗ ಕಾರನ್ನು ತಪಾಸಣೆಗೆ ಒಡ್ಡಿ, ಹಸಿರು ತೆರಿಗೆ ಕಟ್ಟಿ ನೋಂದಣಿ ನವೀಕರಿಸಬೇಕು. ಆಮೇಲೆ ಐದೈದು ವರ್ಷಕ್ಕೊಮ್ಮೆ. ವೆಚ್ಚ ಮಾತ್ರ ಏರಿದೆ: ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ, 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನ ಅಧಿಸೂಚನೆಯಂತೆ 10,000. ಚೆನ್ನಾಗಿ ನೋಡಿಕೊಂಡ, ವರ್ಷಕ್ಕೆ ನಾಲ್ಕು ಬಾರಿ ಹೊರಗೆ ಬರುವ ಕಾರಿನ ಮೇಲೂ ಇಷ್ಟು ಹೇರುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ಕಟ್ಟಬೇಕು, ಸಮಯಕ್ಕೆ ಕಟ್ಟಬೇಕು. ಇನ್ನು ವಿಂಟೇಜ್ ನೋಂದಣಿ ಸಿಗುವುದು 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ ಮಾತ್ರ. ಜೆನ್ ಅಲ್ಲಿಗೆ ತಲುಪಲು ಇನ್ನೂ ಬಹಳ ದೂರವಿದೆ.

"ನನ್ನ ಕಾರು, ನನ್ನಿಷ್ಟ"

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹಾಗೆ ಹೇಳುವುದಿಲ್ಲ. ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವುದಕ್ಕೂ ತಾಳೆಯಾಗದಂತೆ ವಾಹನವನ್ನು ಬದಲಿಸಕೂಡದು ಎಂಬುದು ಅದರ ಸಾರ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ ಇಂಥ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹಾಗೆಂದು ಏನನ್ನೂ ಮುಟ್ಟುವಂತಿಲ್ಲ ಎಂದು ಹೆದರಿಸುವವರೂ ತಪ್ಪು. ಸವೆದ ಎಂಜಿನ್ ತೆಗೆದು ಬೇರೆ ಎಂಜಿನ್ ಕೂರಿಸಬೇಕಾದರೆ ಮೊದಲು ಆರ್‌ಟಿಒ ಅನುಮತಿ ಪಡೆದು ಹೊಸ ಎಂಜಿನ್ ಸಂಖ್ಯೆಯನ್ನು ಆರ್‌ಸಿಗೆ ಏರಿಸಬೇಕು. ಬಣ್ಣ ಬದಲಿಸಿದರೂ ಅಷ್ಟೇ, ದಾಖಲೆಯಲ್ಲಿ ಇರಬೇಕು. ಒಳ್ಳೆಯ ಬ್ರೇಕ್ ಪ್ಯಾಡ್, ಹೊಸ ಡ್ಯಾಂಪರ್, ಅದೇ ಮಾದರಿಯ ಮೇಲ್ದರ್ಜೆ ಕಾರಿಗೆ ಕಂಪನಿಯೇ ಕೊಟ್ಟ ಅಳತೆಯ ಟೈರು ಹಾಕಿಕೊಂಡರೆ ಯಾವ ತಕರಾರೂ ಇಲ್ಲ. ಮಾಡಿದ ಬದಲಾವಣೆಯನ್ನು ವಿಮೆಯವರಿಗೂ ತಿಳಿಸಿ. ಮುಚ್ಚಿಟ್ಟದ್ದು ಅಪಘಾತದ ದಿನ ಕ್ಲೇಮಿಗೆ ಅಡ್ಡ ಬರುತ್ತದೆ.

"ಟಿಂಕರಿಂಗ್ ಮಾಡಿ ಪೇಂಟ್ ಹೊಡೆಸಿದರೆ ರೆಸ್ಟೊರೇಷನ್ ಮುಗಿಯಿತು"

ಮೇಲೆ ಥಳುಕು, ಒಳಗೆ ಹುಳುಕು ಎಂಬ ಮಾತು ಇಂಥ ಕಾರುಗಳಿಗೇ ಹೇಳಿದಂತಿದೆ. ಈ ಹವ್ಯಾಸದಲ್ಲಿ ಅತಿ ಹೆಚ್ಚು ಹಣ ಪೋಲಾಗುವುದು ಇಲ್ಲಿ, ಹಾಗಾಗಿ ನಿಧಾನವಾಗಿ ನೋಡೋಣ.

ಹಳೆಯ ಜೆನ್ ಕೊಳ್ಳುವ ಮುನ್ನ ಬಣ್ಣದ ಹೊಳಪು ನೋಡಬೇಡಿ. ಕಾಲಡಿಯ ಮ್ಯಾಟ್ ಎತ್ತಿ, ಅದರಡಿಯ ಕಾರ್ಪೆಟ್ಟಿನ ಅಂಚು ಬಿಡಿಸಿ ಬೆರಳಿಂದ ಒತ್ತಿ. ತೇವ ಇದೆಯೇ? ಸೀಟಿನ ಹಳಿಯ ಬೋಲ್ಟುಗಳಿಗೆ ಕೆಂಪು ಪುಡಿ ಹಿಡಿದಿದೆಯೇ? 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳೂ ಬೇಸ್‌ಮೆಂಟುಗಳೂ ಮುಳುಗಿದ್ದವು. ನೀರಲ್ಲಿ ನಿಂತ ಕಾರು ತೊಳೆದು ಒರೆಸಿದ ಮೇಲೂ ಈ ಹಳಿಗಳಲ್ಲಿ ಸಾಕ್ಷಿ ಉಳಿಸಿಕೊಂಡಿರುತ್ತದೆ. ಆಮೇಲೆ ಬಾಗಿಲಡಿಯ ಪಟ್ಟಿಯ ಉದ್ದಕ್ಕೂ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಪುಟ್ಟಿ ತುಂಬಿದ ಜಾಗ ದೊಪ್ ಎಂದು ಸತ್ತ ಸದ್ದು ಕೊಡುತ್ತದೆ. ಅಲ್ಲಿ ತೆಳು ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ ಇಟ್ಟರೆ ಜಾರಿ ಬೀಳುತ್ತದೆ. ಹಿಂದಿನ ಚಕ್ರದ ಮೇಲಿನ ಕಮಾನು, ಬಾನೆಟ್ಟಿನೊಳಗೆ ಮುಂದಿನ ಸ್ಟ್ರಟ್ ಕೂರುವ ಗುಮ್ಮಟ, ಬಾಗಿಲಿನ ತಳದಲ್ಲಿ ನೀರು ಇಳಿಯಲೆಂದು ಬಿಟ್ಟ ರಂಧ್ರ ಎಲ್ಲವನ್ನೂ ನೋಡಿ. ಆ ರಂಧ್ರ ಧೂಳಿನಿಂದ ಮುಚ್ಚಿ ನೀರು ನಿಂತು ಬಾಗಿಲನ್ನು ಒಳಗಿಂದಲೇ ತುಕ್ಕು ತಿನ್ನುತ್ತದೆ.

ಮಾಡುವ ಕ್ರಮವೂ ಹೀಗೇ ಇರಬೇಕು: ತುಕ್ಕು ಹಿಡಿದ ತಗಡು ಕತ್ತರಿಸಿ ಹೊಸದನ್ನು ಬೆಸೆಯುವುದು, ಆಮೇಲೆ ಬ್ರೇಕ್, ಆಮೇಲೆ ಸಸ್ಪೆನ್ಷನ್ ಬುಶ್‌ಗಳು, ವಯರಿಂಗ್, ಎಂಜಿನ್, ಎಲ್ಲಕ್ಕೂ ಕೊನೆಗೆ ಬಣ್ಣ. ಬ್ರೇಕಿನ ರಬ್ಬರ್ ಪೈಪು ಇಪ್ಪತ್ತು ವರ್ಷದಲ್ಲಿ ಒಳಗೇ ಊದಿಕೊಂಡಿರುತ್ತದೆ, ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿರುತ್ತದೆ. ಟೈರಿನ ಪಕ್ಕೆಯ ನಾಲ್ಕು ಅಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರದ್ದು. ಗೆರೆ ಆಳವಾಗಿದ್ದರೂ ಅಂಥ ಟೈರಿನ ರಬ್ಬರ್ ಗಡುಸಾಗಿರುತ್ತದೆ. ಲೋವರ್ ಆರ್ಮ್‌ನ ಬುಶ್ ಬದಲಿಸಿ, ಅಲೈನ್‌ಮೆಂಟ್ ಮಾಡಿಸಿ ಓಡಿಸಿದ ದಿನ ಸ್ಟಿಯರಿಂಗ್ ನೇರವಾಗಿ ಕೈಗೆ ಮಾತಾಡುತ್ತದೆ. ಆ ಸುಖ ಹತ್ತು ಅಶ್ವಶಕ್ತಿ ಹೆಚ್ಚಿಸಿದರೂ ಸಿಗುವುದಿಲ್ಲ.

"ಸೌಂಡ್ ಬಂದರೆ ಪಿಕಪ್ ಬಂತು"

ಸೈಲೆನ್ಸರ್ ತೆಗೆದು ದೊಡ್ಡ ಕೊಳವೆ ಹಾಕಿಸಿದ ಕಾರು ಎದ್ದುಬಿದ್ದು ಓಡುವಂತೆ ಕೇಳಿಸುತ್ತದೆ, ಅಷ್ಟೇ. ಟರ್ಬೊ ಇಲ್ಲದ ಸಣ್ಣ ಎಂಜಿನ್‌ಗೆ ಹೊಗೆ ಸರಿಯಾದ ರಭಸದಲ್ಲಿ ಹೊರಹೋಗುವುದು ಮುಖ್ಯ. ಒಂದು ಸಿಲಿಂಡರಿನ ಹೊಗೆ ರಭಸವಾಗಿ ಸಾಗುವಾಗ ಮುಂದಿನದನ್ನೂ ಸೆಳೆದುಕೊಳ್ಳುತ್ತದೆ. ಕೊಳವೆ ಅಗತ್ಯಕ್ಕಿಂತ ಅಗಲವಾದರೆ ಆ ರಭಸ ಕುಗ್ಗಿ, ಕಡಿಮೆ ವೇಗದ ಎಳೆತ ಹೋಗುತ್ತದೆ. ಹೂಡಿ ಸಿಗ್ನಲ್ಲಿನಿಂದ ಐಟಿಪಿಎಲ್‌ವರೆಗೆ ನಮಗೆ ಬೇಕಿರುವುದು ಆ ಎಳೆತವೇ. ಮಗು ಮಲಗಿಸುವ ಹೊತ್ತಿಗೆ ಅಪಾರ್ಟ್‌ಮೆಂಟಿನ ರ‍್ಯಾಂಪಿನಲ್ಲಿ ಗುಡುಗುವ ಒಂದು ಕಾರು ಇಡೀ ಹವ್ಯಾಸಕ್ಕೆ ಕೆಟ್ಟ ಹೆಸರು ತರುತ್ತದೆ. ಇದನ್ನು ನಾನು ಕ್ಷಮಿಸಲಾರೆ.

"ಈಗಿನ ಪೆಟ್ರೋಲ್ ಹಾಕಿದರೆ ಹಳೆ ಕಾರು ಸತ್ತೇಹೋಗುತ್ತದೆ"

ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿನ ಬಗ್ಗೆ ಆತಂಕಕ್ಕೆ ಕಾರಣವಿದೆ. ಆ ಕಾಲದ ರಬ್ಬರ್ ಪೈಪು, ಸೀಲುಗಳನ್ನು ಇದಕ್ಕಾಗಿ ಮಾಡಿರಲಿಲ್ಲ. ಎಥನಾಲ್ ನೀರನ್ನು ಸೆಳೆಯುತ್ತದೆ, ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕು ಒಳಗಿಂದ ತುಕ್ಕು ಹಿಡಿಯುತ್ತದೆ. ಮದ್ದು ಕಷ್ಟದ್ದಲ್ಲ. ಇಂಧನದ ಪೈಪುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸಿ, ಕಾರ್ಬ್ಯುರೇಟರ್ ಇದ್ದರೆ ಅದರ ಸೀಲುಗಳನ್ನೂ ಬದಲಿಸಿ. ವಾರಕ್ಕೊಮ್ಮೆ ಓಡಿಸಿ, ಪೆಟ್ರೋಲಿನ ವಾಸನೆ ಬಂದ ದಿನ ಕೀಲಿ ಮುಟ್ಟಬೇಡಿ.

"ಸ್ಪೇರ್ ಸಿಗುವುದಿಲ್ಲ"

ಜಪಾನಿನಲ್ಲಿ ಕಂಪನಿಗಳೇ ಈ ಚಿಂತೆ ಹೊತ್ತಿವೆ. ನಿಸ್ಸಾನ್ 2017ರಲ್ಲಿ ಹಳೆಯ ಸ್ಕೈಲೈನ್ ಜಿಟಿ-ಆರ್‌ಗೆ, ಟೊಯೊಟಾ 2020ರಲ್ಲಿ ಹಳೆಯ ಸುಪ್ರಾಗೆ ಬಿಡಿಭಾಗಗಳನ್ನು ಮತ್ತೆ ತಯಾರಿಸತೊಡಗಿದವು. ನಮ್ಮ ಜೆನ್, ಎಸ್ಟೀಮ್‌ಗಳಿಗೂ ಅಂಥ ಆಸರೆ ಸಿಗಬೇಕೆಂಬ ಆಸೆ ನನಗಿದೆ. ಅಲ್ಲಿಯವರೆಗೆ ಜೆ.ಸಿ. ರಸ್ತೆಯ ಅಂಗಡಿಗಳಿವೆ, ಶಿವಾಜಿನಗರದ ಗುಜರಿ ಇದೆ. ಗುಜರಿಗೆ ಹೋಗುವಾಗ ಹಳೆಯ ಭಾಗವನ್ನು ಕೈಯಲ್ಲೇ ಹಿಡಿದು ಹೋಗಿ, ಬಾಯಿಮಾತಿನ ಅಳತೆ ಅಲ್ಲಿ ಸಾಲದು. ಎಲ್ಲೂ ಸಿಗದ ಬುಶ್ಶೋ ಸ್ಪೇಸರೋ ಬೇಕಾದರೆ ಪೀಣ್ಯದ ಲೇತ್ ಶೆಡ್ಡುಗಳಲ್ಲಿ ಮಾದರಿ ಕೊಟ್ಟು ಮಾಡಿಸಿಕೊಳ್ಳಬಹುದು. ಈ ಅನುಕೂಲ ಬಹಳ ಊರುಗಳಿಗಿಲ್ಲ. ಬ್ರೇಕ್, ಸ್ಟಿಯರಿಂಗಿನ ಭಾಗಗಳನ್ನು ಮಾತ್ರ ಗುಜರಿಯಿಂದ ತರಬೇಡಿ.

"ಇದು ಪಡ್ಡೆ ಹುಡುಗರ ರೇಸಿನ ಹುಚ್ಚು"

ಕರ್ನಾಟಕಕ್ಕೆ ರ‍್ಯಾಲಿಯ ಹಿರಿಮೆ ಇದೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000, ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯ ರ‍್ಯಾಲಿಗಳು ಜಿಪ್ಸಿ, ಎಸ್ಟೀಮ್‌ಗಳನ್ನು ಮನೆಮಾತು ಮಾಡಿದವು. ಅಲ್ಲಿ ಹೆಲ್ಮೆಟ್ ಇತ್ತು, ರೋಲ್ ಕೇಜ್ ಇತ್ತು, ಮುಚ್ಚಿದ ರಸ್ತೆ ಇತ್ತು. ರಾತ್ರಿ ಹೊರವರ್ತುಲ ರಸ್ತೆಯಲ್ಲಿ ನುಗ್ಗುವವರಿಗೂ ಆ ಪರಂಪರೆಗೂ ಯಾವ ನಂಟೂ ಇಲ್ಲ. ಬೆಳಗಿನ ಜಾವ ಹೊಸಕೋಟೆಗೆ ಬಿರಿಯಾನಿ ತಿನ್ನಲು ಹೋಗಿ, ಅಲ್ಲಿಂದ ಕೋಲಾರದ ಕಡೆ ಮಿತಿಯೊಳಗೆ ಸಾಗಿ ಬರುವುದು ಬಹುಪಾಲು ಹವ್ಯಾಸಿಗಳಿಗೆ ಸಾಕು. ಸಿಟಿಯ ವಿಟೆಕ್ ಪೂರ್ತಿ ದನಿ ಎತ್ತುವುದನ್ನು ಕೇಳಲೇಬೇಕೆನ್ನುವವರು ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಗೋ ಹೋಗಲಿ. ಹೊರಡುವ ಹಿಂದಿನ ವಾರ ಬ್ರೇಕ್ ಆಯಿಲ್ ಬದಲಿಸಿ, ಕಾರನ್ನು ಜ್ಯಾಕಿನ ಮೇಲೆ ಎತ್ತಿ ನಾಲ್ಕೂ ಚಕ್ರದ ಬೇರಿಂಗ್ ಅಲ್ಲಾಡಿಸಿ ನೋಡಿಕೊಂಡೇ ಹೋಗಲಿ.