ನೋವು ಹೋಯ್ತು ಅಂತ ಮಾತ್ರೆ ಬಿಡಬೇಡಿ

ನಾವು ಡಾಕ್ಟರಲ್ಲ, ಅಬುಧಾಬಿಯಲ್ಲಿ ಲೆಕ್ಕ ಬರೆಯುವವರು. ಆದರೂ ನಮ್ಮ ರೂಮಿನಲ್ಲೇ ನಡೆದ ಈ ಸಂಗತಿಯನ್ನು ಹೇಳದೆ ಇರೋಕೆ ಮನಸ್ಸು ಒಪ್ಪಲಿಲ್ಲ.

ನಮ್ಮ ಜೊತೆಗಿದ್ದ ಕರಾವಳಿ ಕಡೆಯ ಗೆಳೆಯರೊಬ್ಬರಿಗೆ ಬೆರಳಿನ ಗಂಟುಗಳು ಊದಿಕೊಂಡು, ಬೆಳಿಗ್ಗೆ ಚಹಾದ ಲೋಟ ಹಿಡಿಯೋಕೂ ಆಗ್ತಿರಲಿಲ್ಲ. ರುಮಟಾಯ್ಡ್ ಸಂಧಿವಾತ. ದೇಹವನ್ನು ಕಾಯಬೇಕಾದ ಶಕ್ತಿಯೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆ. ರಜೆಯಲ್ಲಿ ಊರಿಗೆ ಹೋದಾಗ ಡಾಕ್ಟರು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಕೊಟ್ಟರು. ಕೆಲವೇ ದಿನದಲ್ಲಿ ಆರಾಮಾದರು. ಮೂರು ತಿಂಗಳಾದ ಮೇಲೆ ತಂದಿದ್ದ ಮಾತ್ರೆ ಮುಗಿಯಿತು. "ನೋವೇ ಇಲ್ವಲ್ಲ, ಆಸ್ಪತ್ರೆಗೆ ಹೋದ್ರೆ ಒಂದು ದಿನದ ಕೆಲಸ ಹೋಗುತ್ತೆ" ಅಂತ ಸುಮ್ಮನಾದರು.

ವಾರದೊಳಗೆ ವಾಂತಿ, ತಲೆಸುತ್ತು. ಮುಸ್ಸಫಾದ ಸೈಟಿನಲ್ಲಿ ಕುಸಿದು ಬಿದ್ದರು. ಬಿಸಿಲಿನ ಹೊಡೆತ ಅಂತಲೇ ಎಲ್ಲರೂ ಅಂದುಕೊಂಡೆವು. "ಯಾವ ಮಾತ್ರೆ ತಗೊಳ್ತಿದ್ರು?" ಅಂತ ಡಾಕ್ಟರು ಕೇಳಿದರೆ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ! ರೂಮಿನಲ್ಲಿದ್ದ ಹುಡುಗ ಹಾಸಿಗೆ ಅಡಿಯಿಂದ ಖಾಲಿ ಸ್ಟ್ರಿಪ್ ಹುಡುಕಿ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ. ಆಮೇಲೆ ಸರಿಯಾದ ಇಂಜೆಕ್ಷನ್ ಬಿತ್ತು, ಜೀವ ಉಳಿಯಿತು.

ಹೀಗೆ ಯಾಕಾಯ್ತು? ನಮ್ಮ ಮೂತ್ರಪಿಂಡದ ಮೇಲಿರುವ ಎರಡು ಸಣ್ಣ ಗ್ರಂಥಿಗಳು ದಿನವೂ ಕಾರ್ಟಿಸಾಲ್ ತಯಾರಿಸುತ್ತವೆ. ವಾರಗಟ್ಟಲೆ ಹೊರಗಿನಿಂದ ಸ್ಟಿರಾಯ್ಡ್ ಬಂದರೆ ಅವು ಕೆಲಸ ಕಡಿಮೆ ಮಾಡುತ್ತವೆ. ದುಬೈ ಸಂಬಳ ನಂಬಿ ಊರಿನ ಗದ್ದೆ ಹಡಿಲು ಬಿಟ್ಟ ಹಾಗೆ. ಸಂಬಳ ನಿಂತ ಮರುದಿನವೇ ಗದ್ದೆ ಬೆಳೆ ಕೊಡೋದಿಲ್ಲ. ಅದಕ್ಕೇ ಡಾಕ್ಟರು ಡೋಸನ್ನು ಮೆಲ್ಲಮೆಲ್ಲನೆ ಇಳಿಸುತ್ತಾರೆ.

ಹಾಗಂತ ಈ ಔಷಧಿಗೆ ಹೆದರಬೇಕಿಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಸಂಧಿವಾತದ ರೋಗಿಗಳಿಗೆ ಕಾರ್ಟಿಸೋನ್ ಮೊದಲು ಕೊಟ್ಟರು. 1950ರಲ್ಲಿ ಆ ಸಂಶೋಧನೆಗೆ ನೊಬೆಲ್ ಬಂತು. ಆದರೆ ತಗೊಳ್ಳುವ ಕ್ರಮ ಗೊತ್ತಿರಬೇಕು.

ಸಾಮಾನ್ಯವಾಗಿ ಬೆಳಿಗ್ಗೆ ತಿಂಡಿಯ ಜೊತೆ ತಗೊಳ್ಳಲು ಹೇಳ್ತಾರೆ, ಖಾಲಿ ಹೊಟ್ಟೆಗೆ ಬೇಡ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. 5 ಮಿ.ಗ್ರಾಂ. ಮತ್ತು 20 ಮಿ.ಗ್ರಾಂ. ಮಾತ್ರೆ ಎರಡೂ ಸಿಗುತ್ತವೆ, ಸ್ಟ್ರಿಪ್ ಬದಲಾದಾಗ ಅಂಕಿ ಓದಿ. ಜೊತೆಗೆ ಬ್ರೂಫೆನ್‌ನಂಥ ನೋವಿನ ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುವ ಅಪಾಯ ಹೆಚ್ಚು. ಡಾಕ್ಟರನ್ನು ಕೇಳದೆ ಬೇಡ.

ಬಹಳ ದಿನ ತಗೊಂಡರೆ ಸಕ್ಕರೆ, ಬಿ.ಪಿ. ಏರಬಹುದು, ಮೂಳೆ ಸವೆಯಬಹುದು, ಕಣ್ಣಿಗೆ ಪೊರೆ ಬರಬಹುದು, ಸೋಂಕು ಬೇಗ ತಗಲಬಹುದು. ಅದಕ್ಕೆ ಆಗಾಗ ತಪಾಸಣೆ ಬೇಕು. ಜ್ವರ ಬಂದರೆ ಡೋಸ್ ಹೆಚ್ಚಿಸಬೇಕೇ ಅಂತ ಕೇಳಿ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಆಂಬುಲೆನ್ಸಿಗೆ 998. ರಂಜಾನ್ ಉಪವಾಸ ಹಿಡಿಯುವವರು ಮೊದಲೇ ಡಾಕ್ಟರ ಹತ್ತಿರ ಮಾತಾಡಿ.

ಊರಿಂದ ಮಾತ್ರೆ ತರುವಾಗ ಡಾಕ್ಟರ ಚೀಟಿ ಮತ್ತು ಮೂಲ ಸ್ಟ್ರಿಪ್ ಇರಲಿ. ಟ್ರಮಡಾಲ್, ಕೋಡೀನ್‌ನಂಥ ನೋವಿನ ಮಾತ್ರೆ ಇಲ್ಲಿ ನಿಯಂತ್ರಣದಲ್ಲಿವೆ, ಮೊದಲೇ ಅನುಮತಿ ಬೇಕು. ಬೇರೆಯವರ ಪೊಟ್ಟಣ ನೋಡದೆ ಹೊತ್ತು ತರಬೇಡಿ. ಗಂಟುನೋವಿಗೆ ಅಂತ ಕೊಡುವ ಹೆಸರಿಲ್ಲದ ಪುಡಿ, ಮಾತ್ರೆಗಳಲ್ಲೂ ಕೆಲವೊಮ್ಮೆ ಸ್ಟಿರಾಯ್ಡ್ ಬೆರೆಸಿರುತ್ತಾರೆ.

ಇಲ್ಲಿ ಇನ್ಶೂರೆನ್ಸ್ ಮಾಡಿಸೋದು ಕಂಪನಿಯ ಜವಾಬ್ದಾರಿ. ಕಾರ್ಡ್ ಪರ್ಸಿನಲ್ಲಿ ಸುಮ್ಮನೆ ಇಡೋಕಲ್ಲ, ಬಳಸಿ. ಮಾತ್ರೆ ಮುಗಿಯೋಕೆ ಹತ್ತು ದಿನ ಇರುವಾಗಲೇ ಡಾಕ್ಟರನ್ನು ನೋಡಿ.

ಈಗ ನಮ್ಮ ರೂಮಿನ ಎಂಟು ಜನರ ಮಾತ್ರೆ ಚೀಟಿಯ ಫೋಟೋ ಎಂಟು ಮೊಬೈಲಿನಲ್ಲೂ ಇದೆ. ಗೆಳೆಯರು ಮತ್ತೆ ಕೆಲಸಕ್ಕೆ ಹೋಗ್ತಿದ್ದಾರೆ. ನಿಮ್ಮ ರೂಮಿನಲ್ಲೂ ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಂದು ಮಾತು ಕೇಳಿ: "ಯಾರು ಯಾವ ಮಾತ್ರೆ ತಗೊಳ್ತಿದ್ದೀರಿ?"