ಮಹಾಕ್ಷೋಭದ ಲೆಕ್ಕ: ದತ್ತಸಂಚಯದಲ್ಲಿ ಬೃಹತ್ಸಂಖ್ಯೆಗಳು

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಏಕ, ದಶ, ಶತ ಮೊದಲಾಗಿ ಮಹಾಕ್ಷೋಭದವರೆಗೆ 24 ಸ್ಥಾನನಾಮಗಳು ಇದರಲ್ಲಿ ಉಕ್ತವಾಗಿವೆ. ಮಹಾಕ್ಷೋಭವೆಂದರೆ ಒಂದರ ಮುಂದೆ 23 ಸೊನ್ನೆಗಳು. ಇಂತಹ ಸಂಖ್ಯೆಗಳನ್ನು ಗಣಕಯಂತ್ರದ ದತ್ತಸಂಚಯದಲ್ಲಿ, ಎಂದರೆ ಡೇಟಾಬೇಸಿನಲ್ಲಿ, ಇರಿಸಿದರೆ ಅವು ಯಥಾವತ್ತಾಗಿ ಉಳಿಯುವುವೆ? ಪ್ರಾಚೀನ ಸಾಮಗ್ರಿಯನ್ನು ಗಣಕಕ್ಕೆ ಏರಿಸುವವರೆಲ್ಲರೂ ವಿಚಾರಿಸಬೇಕಾದ ಪ್ರಶ್ನೆಯಿದು.

ದತ್ತಸಂಚಯದ ಪೂರ್ಣಾಂಕಕ್ಕೆ ಸಾಮಾನ್ಯವಾಗಿ ದೊರೆಯುವ ಅತಿ ದೊಡ್ಡ ಸ್ಥಳ 64 ಬಿಟ್‌ಗಳು. ಋಣಸಂಖ್ಯೆಗಳಿಗೂ ಅವಕಾಶವಿರಬೇಕಾದುದರಿಂದ ಅದರ ಪರಮಾವಧಿ 9223372036854775807. ಇದು 19 ಅಂಕಿಗಳ ಸಂಖ್ಯೆ. ಆಚಾರ್ಯನ ಕ್ರಮದಲ್ಲಿ ಶಂಖಸ್ಥಾನದಲ್ಲಿಯೇ ನಿಲ್ಲುತ್ತದೆ. ಇದನ್ನು ಮೀರಿದ ಸಂಖ್ಯೆಯನ್ನು ದತ್ತಸಂಚಯವು ಸಾಮಾನ್ಯವಾಗಿ ನಿರಾಕರಿಸುವುದರಿಂದ ದೋಷವು ಆಗಲೇ ಗೋಚರವಾಗುತ್ತದೆ.

ಎರಡನೆಯದು ತೇಲುಬಿಂದು ಪದ್ಧತಿ. ಇದರಲ್ಲಿಯೂ 64 ಬಿಟ್‌ಗಳೇ ಇದ್ದರೂ ಕೆಲವು ಬಿಟ್‌ಗಳು ಘಾತಾಂಕಕ್ಕೆ ಮೀಸಲಾಗಿ, ಅಂಕಿಗಳ ನಿಖರತೆಗೆ 53 ಬಿಟ್‌ಗಳು ಮಾತ್ರ ಲಭಿಸುತ್ತವೆ. ಆದುದರಿಂದ ಅತಿ ದೊಡ್ಡ ಸಂಖ್ಯೆಯನ್ನೂ ಅದು ಸ್ವೀಕರಿಸುತ್ತದೆ. ಆದರೆ ಕೊನೆಯ ಅಂಕಿಗಳನ್ನು ಸದ್ದಿಲ್ಲದೆ ಬದಲಿಸುತ್ತದೆ. 9007199254740993 ಎಂದು ಬರೆದರೆ 9007199254740992 ಎಂದು ಉಳಿಯುತ್ತದೆ. ಇದು ಇನ್ನೂ ಮಹಾಪದ್ಮಸ್ಥಾನದ ಮಾತು. ಆಚಾರ್ಯನ ಮೊದಲ 23 ಸ್ಥಾನಗಳ ಬೆಲೆಗಳು ಇಲ್ಲಿಯೂ ಯಥಾವತ್ತಾಗಿ ನಿಲ್ಲುತ್ತವೆ. ಇಪ್ಪತ್ತನಾಲ್ಕನೆಯದಾದ ಮಹಾಕ್ಷೋಭವಾದರೋ 99999999999999991611392 ಆಗಿ, 83,88,608ರಷ್ಟು ಕುಂದುತ್ತದೆ!

ಇದಕ್ಕೆ ಪರಿಹಾರವುಂಟು. ಗಣಿಸಬೇಕಾದ ಬೃಹತ್ಸಂಖ್ಯೆಗಳನ್ನು ದಶಮಾನ ಅಂಕಿಗಳನ್ನೇ ಕಾಯ್ದಿಡುವ ‘ಡೆಸಿಮಲ್’ ಅಥವಾ ‘ನ್ಯೂಮರಿಕ್’ ಬಗೆಯಲ್ಲಿ, ಸಾಕಷ್ಟು ಅಂಕಿಗಳಿಗೆ ಎಡೆಮಾಡಿ, ಇರಿಸಬೇಕು. ಹಸ್ತಪ್ರತಿಯ ದಾಖಲೆಸಂಖ್ಯೆಯಂತಹವನ್ನು ಯಾರೂ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಅವು ಅಂಕಿಗಳಲ್ಲಿ ಬರೆದ ಹೆಸರುಗಳು. ಅವನ್ನು ಅಕ್ಷರಪಂಕ್ತಿಯಾಗಿ ಇರಿಸುವುದೇ ಯುಕ್ತ. ಇಷ್ಟಾದರೂ, ದತ್ತಸಂಚಯದಿಂದ ಓದಿಕೊಳ್ಳುವ ತಂತ್ರಾಂಶವು ತೇಲುಬಿಂದುವನ್ನು ಬಳಸಿದರೆ ಅಂಕಿಗಳು ಮತ್ತೆ ಕೆಡುತ್ತವೆ; ಹಾಕಿದುದನ್ನು ಹೊರತೆಗೆದು ಮೂಲದೊಡನೆ ಒಮ್ಮೆ ಹೋಲಿಸತಕ್ಕದ್ದು.

ಲಿಪಿಕಾರನ ತಪ್ಪನ್ನು ಛಂದಸ್ಸಿನ ಭಂಗದಿಂದಲೂ ಪಾಠಾಂತರಗಳಿಂದಲೂ ನಾವು ಕಂಡುಹಿಡಿಯುತ್ತೇವೆ. ಗಣಕವು ಬದಲಿಸಿದ ಅಂಕಿಯಾದರೋ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಮೂಲಪ್ರತಿ ನಷ್ಟವಾದ ಮೇಲೆ ಆ ಅಂಕಿಯೇ ಆಧಾರವಾಗಿ ಉಳಿದೀತು. ಓಲೆಗರಿಯನ್ನು ನುಸಿಯಿಂದ ಕಾಯುವಷ್ಟೇ ಎಚ್ಚರ ಇಲ್ಲಿಯೂ ಅವಶ್ಯಕ.